ಬಾಡಿಗೆ ಆಟಗಾರರು ಯಾರು?



2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ಚೆಸ್ ಒಲಿಂಪಿಯಾಡಿನಲ್ಲಿ ಭಾರತ ಓಪನ್ ಮತ್ತು ಮಹಿಳಾ ವಿಭಾಗಗಳೆರಡರಲ್ಲೂ ಚಿನ್ನ ಗೆದ್ದಾಗ ಅಮೆರಿಕದಲ್ಲಿರುವ ನಾವೂ ಸಂಭ್ರಮಿಸಿದೆವು. ಸಂತೋಷವೇ. ಆದರೆ ಅಂದಿನಿಂದ ನಮ್ಮ ಕೂಟಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: "ನಮ್ಮವರು ಸ್ವಂತ ಮಕ್ಕಳಿಂದ ಗೆದ್ದರು. ಬೆಳ್ಳಿ ಪಡೆದ ಅಮೆರಿಕದ್ದು ಬಾಡಿಗೆ ತಂಡ." ಈ ಮಾತನ್ನು ನಾನು ಒಪ್ಪಲಾರೆ. ಅದರಲ್ಲೂ ನಮ್ಮ ಬಾಯಲ್ಲಿ ಇದು ಬರಲೇಬಾರದು.

ಆ ಐವರು ಯಾರು? ಫೇಬಿಯಾನೋ ಕರುವಾನಾ ಕೆಲವು ವರ್ಷ ಇಟಲಿಯ ಪರ ಆಡಿ 2015ರಲ್ಲಿ ಮರಳಿದವರು ನಿಜ. ಆದರೆ ಹುಟ್ಟಿದ್ದು ಮಯಾಮಿಯಲ್ಲಿ, ಬೆಳೆದದ್ದು ಬ್ರೂಕ್ಲಿನ್‌ನಲ್ಲಿ. ಫಿಲಿಪೈನ್ಸಿನ ವೆಸ್ಲಿ ಸೋ 2012ರಲ್ಲಿ ಓದಲು ಬಂದು, 2014ರಲ್ಲಿ ಒಕ್ಕೂಟ ಬದಲಿಸಿ, 2021ರಲ್ಲಿ ಪೌರತ್ವ ಪಡೆದರು. ಡೊಮಿಂಗೆಝ್ ಕ್ಯೂಬಾದಿಂದ, ಅರೋನಿಯನ್ ಆರ್ಮೇನಿಯಾದಿಂದ ಬಂದವರು. ಐದನೆಯವರು ರೇ ರಾಬ್ಸನ್, ಇಲ್ಲಿಯವರೇ.

ಓದಲು ಬಂದು ಇಲ್ಲೇ ನೆಲೆಸಿ ಪೌರತ್ವ ಪಡೆಯುವುದು ಬಾಡಿಗೆತನವಾದರೆ, ನಮ್ಮಲ್ಲಿ ಎಷ್ಟು ಮನೆಗಳ ಯಜಮಾನರು ಬಾಡಿಗೆಯವರಲ್ಲ? ನ್ಯೂಜೆರ್ಸಿಯ ಅಭಿಮನ್ಯು ಮಿಶ್ರ 2021ರಲ್ಲಿ 12 ವರ್ಷ 4 ತಿಂಗಳಿಗೇ ಗ್ರ್ಯಾಂಡ್‌ಮಾಸ್ಟರ್ ಆದಾಗ ಹೆಮ್ಮೆಪಟ್ಟೆವಲ್ಲ, ಆ ಹುಡುಗನನ್ನು ಯಾರಾದರೂ "ಹೊರಗಿನವನು" ಎಂದರೆ ಸುಮ್ಮನಿರುತ್ತೇವೆಯೇ?

ಕನ್ನಡಿಗರಿಗಂತೂ ಇದು ಹೊಸ ಪಾಠವಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದರು. ಅವರನ್ನು ಬಾಡಿಗೆ ಸಾಹಿತಿಗಳೆಂದು ಯಾರೂ ಕರೆಯಲಿಲ್ಲ.

ಇದರಲ್ಲಿ ಹಣದ ಪಾತ್ರವಿದೆ ಎನ್ನುವವರಿದ್ದಾರೆ. ಇದೆ. ಬಡ ಒಕ್ಕೂಟಗಳು ಒಳ್ಳೆಯ ಆಟಗಾರರನ್ನು ಕಳೆದುಕೊಳ್ಳುವ ನೋವೂ ನಿಜ. ನಮ್ಮ ಊರುಗಳೂ ನಮ್ಮನ್ನು ಹಾಗೆಯೇ ಕಳೆದುಕೊಂಡವಲ್ಲವೇ?

ಟೀಕಿಸಲೇಬೇಕೆಂದರೆ ಹುಟ್ಟೂರನ್ನು ಬಿಟ್ಟು ಆಯ್ಕೆಯ ಕ್ರಮವನ್ನು ಟೀಕಿಸೋಣ. 2022ರ ಚೆನ್ನೈ ಒಲಿಂಪಿಯಾಡಿಗೆ ಅಮೆರಿಕ ಮೊದಲ ಶ್ರೇಯಾಂಕದೊಂದಿಗೆ ಹೋಗಿ 5ನೆಯ ಸ್ಥಾನಕ್ಕೆ ಕುಸಿಯಿತು. ಆತಿಥೇಯರೆಂಬ ಕಾರಣಕ್ಕೆ ಭಾರತ ಒಂದಕ್ಕಿಂತ ಹೆಚ್ಚು ತಂಡಗಳನ್ನು ಇಳಿಸಿತ್ತು. ಅವುಗಳಲ್ಲಿ ಗುಕೇಶ್, ಪ್ರಜ್ಞಾನಂದ, ನಿಹಾಲ್ ಸರೀನ್‌ರಂಥ ಹುಡುಗರಿದ್ದ 11ನೆಯ ಶ್ರೇಯಾಂಕದ 'ಬಿ' ತಂಡ ಅಮೆರಿಕವನ್ನು 3-1ರಿಂದ ಸೋಲಿಸಿ ಕಂಚು ಗೆದ್ದಿತು. 2ನೆಯ ಶ್ರೇಯಾಂಕದ 'ಎ' ತಂಡಕ್ಕೆ ಸಿಕ್ಕಿದ್ದು 4ನೆಯ ಸ್ಥಾನ. ಒಂದೇ ತಂಡಕ್ಕೆ ಅವಕಾಶವಿದ್ದು, ರೇಟಿಂಗ್ ಪಟ್ಟಿಯನ್ನಷ್ಟೇ ನೋಡಿದ್ದರೆ ಆ ಹುಡುಗರಲ್ಲಿ ಹೆಚ್ಚಿನವರು ಮನೆಯಲ್ಲೇ ಇರುತ್ತಿದ್ದರು!

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಯಾವ ತಿಂಗಳ ರೇಟಿಂಗ್ ಲೆಕ್ಕಕ್ಕೆ? ಇತ್ತೀಚೆಗೆ ಆಡದೆ ಅಂಕ ಕಾಪಾಡಿಕೊಂಡು ಕುಳಿತವರಿಗೂ ಜಾಗವೇ? ಏರುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಬೋರ್ಡಾದರೂ ಮೀಸಲೇ? ನಿಯಮಗಳು ಮುಂಚಿತವಾಗಿ ಎಲ್ಲರ ಕೈಗೆ ಸಿಗುತ್ತವೆಯೇ? ನಿಯಮ ನ್ಯಾಯವಾಗಿದ್ದರೆ ಆಯ್ಕೆಯಾದವನು ಎಲ್ಲಿ ಹುಟ್ಟಿದರೇನು?

ನಮ್ಮ ಮಕ್ಕಳು ಶನಿವಾರದ ಟೂರ್ನಮೆಂಟುಗಳಲ್ಲಿ ಕುಳಿತು ಆಡುತ್ತಿದ್ದಾರೆ, ದೊಡ್ಡವರ ಮಾತುಗಳನ್ನು ಕೇಳಿಸಿಕೊಳ್ಳುತ್ತಲೂ ಇದ್ದಾರೆ. "ಹೊರಗಿನಿಂದ ಬಂದವರು ಈ ದೇಶದವರಲ್ಲ" ಎಂದು ನಾವೇ ಅವರಿಗೆ ಕಲಿಸಬಾರದು.