ದೀರ್ಘ ಕಥನಮಾಲೆ ಮತ್ತು ಓದುಗರ ಅಭಿಮತ

ಪೌರಾಣಿಕ ಆವರಣದಲ್ಲಿ ಅದ್ಭುತವನ್ನು ಹೆಣೆಯುತ್ತ ಸಂಪುಟದಿಂದ ಸಂಪುಟಕ್ಕೆ ಬೆಳೆಯುವ ಕಾದಂಬರಿಮಾಲೆಗಳನ್ನು ಕುರಿತು ನಮ್ಮ ವಿದ್ವತ್‌ವಲಯ ಬಹುಮಟ್ಟಿಗೆ ಮೌನ ತಾಳಿದೆ. ಜನಪ್ರಿಯವಾದುದೆಲ್ಲ ಹಗುರ ಎಂಬ ಪೂರ್ವಗ್ರಹವೇ ಇದಕ್ಕೆ ಕಾರಣವೆಂದು ತೋರುತ್ತದೆ. ಮುಂಬಯಿಯಲ್ಲಿ ಕನ್ನಡವನ್ನು ಅಭ್ಯಾಸ ಮಾಡುವವರಿಗಂತೂ ಈ ಮೌನ ಒಪ್ಪುವಂಥದಲ್ಲ. ಈ ನಗರದಲ್ಲಿಯೇ 1974ರಲ್ಲಿ ಜನಿಸಿದ ಅಮೀಶ್ ತ್ರಿಪಾಠಿಯವರು ಇಂಗ್ಲಿಷಿನಲ್ಲಿ ಬರೆದ ಶಿವಕಥೆಯ ಮೂರು ಸಂಪುಟಗಳು 2010ರಿಂದ 2013ರ ಅವಧಿಯಲ್ಲಿ ಹೊರಬಂದವು. 2015ರಲ್ಲಿ ಆರಂಭವಾದ ಅವರ ರಾಮಚಂದ್ರ ಮಾಲೆಯ ನಾಲ್ಕನೆಯ ಸಂಪುಟ 2022ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತ ಶಾಲೆಯಲ್ಲಿ ಇಂಗ್ಲಿಷ್ ಕಲಿತ ನಮ್ಮ ಎಳೆಯರಲ್ಲಿ ಅನೇಕರು ಪುರಾಣವನ್ನು ಮೊದಲು ಕಾಣುವುದು ಇಂಥ ಪುಸ್ತಕಗಳಲ್ಲಿ.

ಇವುಗಳ ಬಗೆಗೆ ಓದುಗರಿಂದ ಎರಡು ಆಕ್ಷೇಪಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಮೂಲಕಥೆಯನ್ನು ತಿದ್ದಿದ್ದಾರೆ ಎಂಬುದು ಮೊದಲನೆಯದು. ಕನ್ನಡ ವಿದ್ಯಾರ್ಥಿಗೆ ಇದು ಹೊಸ ದೂರಲ್ಲ. ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದನು. ನಾಗಚಂದ್ರನು ಜೈನ ಪರಂಪರೆಯಲ್ಲಿ ನಿಂತು ರಾವಣನಿಗೆ ಪಶ್ಚಾತ್ತಾಪದ ಘನತೆಯನ್ನಿತ್ತನು. ಆದುದರಿಂದ ಕೇಳಬೇಕಾದ ಪ್ರಶ್ನೆ, ತಿದ್ದಿದರೇ ಎಂಬುದಲ್ಲ. ತಿದ್ದಿ ಏನನ್ನು ಕಾಣಿಸಿದರು ಎಂಬುದು. ಶಿವನನ್ನು ಟಿಬೆಟ್ಟಿನಿಂದ ಬಂದ ಮನುಷ್ಯನನ್ನಾಗಿಸಿ, ವರವೆನಿಸಿದ್ದ ಸೋಮರಸವೇ ಕೊನೆಗೆ ಕೇಡಾಗುವುದನ್ನು ತೋರಿಸುವಲ್ಲಿ ನಿಜವಾದ ವಿಚಾರವೊಂದಿದೆ. ಅದನ್ನು ಹೊರುವ ಭಾಷೆ ಮಾತ್ರ ಸಪ್ಪೆ. ಪುರಾಣದ ಪಾತ್ರಗಳು ಇಂದಿನ ಕಚೇರಿಯವರಂತೆ ಮಾತನಾಡುತ್ತವೆ. ವಿಮರ್ಶೆ ತಗಲಬೇಕಾದುದು ಇಲ್ಲಿ.

ಕಥೆ ಮುಗಿಯುವುದಿಲ್ಲ ಎಂಬ ಬೇಸರ ಎರಡನೆಯದು. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ 1996ರಲ್ಲಿ ತೊಡಗಿದ ಮಾಲೆಯ ಐದನೆಯ ಸಂಪುಟ 2011ರಲ್ಲಿ ಬಂದಿತು. ಆರನೆಯದಕ್ಕಾಗಿ ಓದುಗರು ಹತ್ತು ವರ್ಷಕ್ಕೂ ಮಿಕ್ಕಿ ಕಾದರು. ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡಾಗ ಅಪೂರ್ಣವಾಗಿದ್ದ ಕಥೆಯನ್ನು ಬ್ರಾಂಡನ್ ಸ್ಯಾಂಡರ್ಸನ್ 2013ರಲ್ಲಿ ಹದಿನಾಲ್ಕನೆಯ ಸಂಪುಟದೊಂದಿಗೆ ಮುಗಿಸಿದರು. ನಮ್ಮಲ್ಲಿಯೂ ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದನು. ಆದರೆ ಗಮಕಿಗಳ ಕೊರಳಲ್ಲಿ ಹೆಚ್ಚಾಗಿ ಉಳಿದುದು ಮೊದಲ ಹತ್ತೇ. ಕೇಳುಗರಿಗೆ ಕಥೆಯ ಕೊನೆ ಮೊದಲೇ ತಿಳಿದಿತ್ತು; ಅವರನ್ನು ಹಿಡಿದಿಟ್ಟುದು ಕಥೆ ಹೇಳುವ ಬಗೆ. ಮಳೆಗಾಲದಲ್ಲಿ ಮುಂಬಯಿಯಲ್ಲಿ ನಡೆಯುವ ತಾಳಮದ್ದಳೆಗೆ ಬಂದವರೂ ಕರ್ಣ ಉಳಿಯುವನೇ ಎಂದು ತಿಳಿಯಲು ಬರುವುದಿಲ್ಲ. ಅರ್ಥಧಾರಿಯ ವಾದದ ತೂಕವನ್ನು ಅಳೆಯಲು ಬರುತ್ತಾರೆ. ಮುಂದೇನು ಎಂಬ ಕುತೂಹಲವನ್ನೇ ಬಂಡವಾಳವಾಗಿಸಿಕೊಂಡ ಮಾಲೆಗೆ ಈ ಆಸರೆಯಿಲ್ಲ. ಅಲ್ಲಿ ಮುಕ್ತಾಯವನ್ನು ಕೇಳುವುದು ಓದುಗನ ನ್ಯಾಯವಾದ ಹಕ್ಕು.

ಇಂಥ ಅಭಿಮತಗಳು ಲೋಕಲ್ ರೈಲಿನ ಮಾತುಕತೆಯಲ್ಲಿಯೇ ಕರಗಿಹೋಗಬಾರದು. 1978ರಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿದ್ಯಾರ್ಥಿಗಳು ಅವುಗಳನ್ನು ಸಂಗ್ರಹಿಸಿ, ನಮ್ಮ ಕಾವ್ಯಪರಂಪರೆಯ ಪಕ್ಕದಲ್ಲಿಟ್ಟು ಪರಿಶೀಲಿಸುವುದು ಯೋಗ್ಯವಾದ ಸಂಶೋಧನೆಯಾದೀತು. ಅದ್ಭುತವನ್ನು ಪ್ರೀತಿಸುವ ಎಳೆಯ ಓದುಗನನ್ನು ನಾಚಿಸಿ ಕಳುಹಿಸಿದರೆ ಅವನು ಪಂಪನ ಬಾಗಿಲಿಗೂ ಬರಲಾರ.