ಅಲಿಯವರ ಮುಷ್ಟಿಯೂ ನಮ್ಮವರ ಜೋಳಿಗೆಯೂ

ಮುಹಮ್ಮದ್ ಅಲಿ ಎಂದೊಡನೆ ನಮ್ಮ ಯುವಕರ ಎದೆಯುಬ್ಬುತ್ತದೆ. 1960ರ ರೋಮ್ ಒಲಿಂಪಿಕ್ಸ್‌ನ ಚಿನ್ನ, 1964ರಲ್ಲಿ ಸನ್ನಿ ಲಿಸ್ಟನ್‌ರನ್ನು ಮಣಿಸಿ ಗಳಿಸಿದ ವಿಶ್ವ ಹೆವಿವೇಟ್ ಪಟ್ಟ, 61 ವೃತ್ತಿಪರ ಸ್ಪರ್ಧೆಗಳಲ್ಲಿ 56 ಗೆಲುವು, ಎಲ್ಲವೂ ಅವರಿಗೆ ಕಂಠಪಾಠ. ಆದರೆ ಮುಖಕ್ಕೆ ಹೊಡೆಯುವುದನ್ನು ಪ್ರವಾದಿ(ಸ)ರವರು ನಿಷೇಧಿಸಿದ್ದಾರೆಂಬುದು ನೆನಪಿದೆಯೇ? ಎದುರಾಳಿಯ ದೇಹಕ್ಕೆ ಹಾನಿ ಮಾಡುವುದೇ ಗುರಿಯಾದ ಈ ಬಾಕ್ಸಿಂಗನ್ನು ಮಕ್ಕಾದ ಫಿಕ್ಹ್ ಅಕಾಡೆಮಿಯು 1987ರಲ್ಲಿ ನಿಷಿದ್ಧವೆಂದು ಸಾರಿತು. ಹಾಗಾದರೆ ಅಲಿಯವರಿಂದ ನಾವು ಕಲಿಯಬೇಕಾದುದು ಮುಷ್ಟಿಯನ್ನಲ್ಲ.

1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನ ಸೇನಾ ಭರ್ತಿ ಕೇಂದ್ರದಲ್ಲಿ ಅಧಿಕಾರಿಗಳು ಅವರ ಹೆಸರನ್ನು ಕೂಗಿದರು. ಅಲಿ ಮುಂದೆ ಹೆಜ್ಜೆಯಿಡಲಿಲ್ಲ. ವಿಯೆಟ್ನಾಮಿನ ಬಡವರನ್ನು ಕೊಲ್ಲಲು ಅವರ ಮನಸ್ಸಾಕ್ಷಿ ಒಪ್ಪಲಿಲ್ಲ. ಪಟ್ಟ ಹೋಯಿತು, ಪರವಾನಗಿ ಹೋಯಿತು. ಜೂನ್‌ನಲ್ಲಿ ಐದು ವರ್ಷದ ಸಜೆ, 10,000 ಡಾಲರ್ ದಂಡದ ತೀರ್ಪು ಬಂತು. ಮೇಲ್ಮನವಿಯಿಂದಾಗಿ ಸೆರೆಮನೆ ತಪ್ಪಿತಾದರೂ, ಕ್ರೀಡಾಪಟುವಿನ ಬದುಕಿನ ಅತ್ಯುತ್ತಮ ಮೂರೂವರೆ ವರ್ಷಗಳು ಅಖಾಡದ ಹೊರಗೇ ಕಳೆದವು. 1971ರಲ್ಲಿ ಸುಪ್ರೀಂ ಕೋರ್ಟ್ ಒಂದೇ ಒಂದು ಭಿನ್ನಮತವಿಲ್ಲದೆ ಶಿಕ್ಷೆಯನ್ನು ರದ್ದುಪಡಿಸಿತು. ಕಳೆದುಹೋದ ವರ್ಷಗಳನ್ನು ಯಾವ ಕೋರ್ಟೂ ಮರಳಿಸಲಿಲ್ಲ. (ಅವರು ಸಂತರೇನೂ ಆಗಿರಲಿಲ್ಲ. ಜೋ ಫ್ರೇಜಿಯರ್‌ರನ್ನು ಅವರು ಜರೆದ ರೀತಿ ಯಾವ ಮುಸ್ಲಿಮನಿಗೂ ಶೋಭಿಸುವಂಥದ್ದಲ್ಲ.)

ಇನ್ನು ನಮ್ಮ ಊರುಗಳತ್ತ ನೋಡೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಮಳೆ ಕೈಕೊಟ್ಟರೆ ದುಡಿಮೆಗೆ ಗುಳೆ ಹೋಗುವ ಸೀಮೆಯಿದು. ಇಲ್ಲಿ ಕೂಲಿ ಮಾಡುವ, ಬೀದಿಬದಿ ವ್ಯಾಪಾರ ಮಾಡುವ ತಂದೆ ಮಗಳ ನಿಕಾಹ್‌ಗಾಗಿ ಬಡ್ಡಿ ಸಾಲಕ್ಕೆ ಕೊರಳೊಡ್ಡುತ್ತಾನೆ. ಬಡ್ಡಿಯೂ ಹರಾಮ್, ಅದಕ್ಕೆ ಕಾರಣವಾದ ವರದಕ್ಷಿಣೆಯೂ ಹರಾಮ್. ವರನು ವಧುವಿಗೆ ಮಹ್ರ್ ಕೊಡಬೇಕೆಂಬುದು ಕುರ್‌ಆನಿನ ಆಜ್ಞೆ. ನಾವು ಅದನ್ನು ತಲೆಕೆಳಗು ಮಾಡಿ, ಬೈಕು, ಬಂಗಾರ, ನಗದಿನ ಪಟ್ಟಿ ಹಿಡಿದು ಜೋಳಿಗೆ ಚಾಚುತ್ತೇವೆ. ದೇಶದ ಕಾನೂನು 1961ರಲ್ಲೇ ಇದನ್ನು ಅಪರಾಧವೆಂದಿತು. ಯಾರು ಕೇಳಿದರು?

ಕೇಳಿದರೆ ಉತ್ತರ ಸಿದ್ಧ: “ನನಗೇನೂ ಬೇಡ, ಅಮ್ಮೀಜಾನ್ ಮಾತು ಮೀರಲಾರೆ.” ಜಗತ್ತಿನ ಬಲಿಷ್ಠ ಸರಕಾರಕ್ಕೆ ಆಗದೆಂದ ವ್ಯಕ್ತಿಯ ಅಭಿಮಾನಿಗೆ, ಮಾವನ ಮನೆಯ ಬೈಕಿನ ಕೀಲಿ ಬೇಡವೆನ್ನುವಷ್ಟು ಎದೆಗಾರಿಕೆಯಿಲ್ಲ! ಹಿರಿಯರೇನು ಕಮ್ಮಿ? ಶುಕ್ರವಾರ ವರದಕ್ಷಿಣೆ ವಿರೋಧಿ ಖುತ್ಬಾ ಕೇಳಿ ತಲೆದೂಗುವವರೇ ಭಾನುವಾರ ಆ ಶಾದಿಯ ಬಿರಿಯಾನಿಗೆ ಮೊದಲ ಪಂಕ್ತಿಯಲ್ಲಿರುತ್ತಾರೆ.

ಈ ತಾಲೂಕುಗಳ ಜಮಾಅತ್‌ಗಳು ಮನಸ್ಸು ಮಾಡಿದರೆ ಕೆಲಸ ಕಠಿಣವಲ್ಲ. ನಿಕಾಹ್ ದಫ್ತರು ತೆರೆಯುವ ಮುನ್ನ ಮುತವಲ್ಲಿ ಹಾಗೂ ಖಾಝಿಯವರು ವರನನ್ನು ಎದುರು ಕೂರಿಸಿ, ವಧುವಿನ ಕಡೆಯಿಂದ ಏನು ಪಡೆದೆಯೆಂದು ಸಭೆಯ ಮುಂದೆ ಕೇಳಲಿ. ಪಡೆದಿದ್ದರೆ, ಹಿಂದಿರುಗಿಸಿದ ಮೇಲೆಯೇ ನಿಕಾಹ್ ಓದಲಿ.