ಹಿಮವಿಲ್ಲದ ಊರಿನಲ್ಲಿ ಹಿಮದ ಸವಾರಿ

ಭಾಲ್ಕಿಯಲ್ಲಿ ಹಿಮ ಬೀಳುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಹಲ್ಲು ಕಟಕಟಿಸುವಷ್ಟು ಚಳಿಯೇನೋ ಉಂಟು. ನೀರು ಗಡ್ಡೆ ಕಟ್ಟುವ ಮಾತು ದೂರ. ಆದರೂ ಇಲ್ಲಿನ ಒಂಬತ್ತನೇ ತರಗತಿಯ ಹುಡುಗ ಹಿಮದ ದಿಬ್ಬದಿಂದ ಮೋಟಾರು ಸೈಕಲ್ ಹಾರಿಸಿ, ಗಾಳಿಯಲ್ಲಿ ಎರಡು ಲಾಗ ಹಾಕಿಸಿ, ಸರಾಗವಾಗಿ ಕೆಳಗಿಳಿಸಬಲ್ಲ. “ತಮ್ಮಾ, ರೊಟ್ಟಿ ಆರ್ಲಕತ್ತಾವ, ಬಾ” ಎಂದು ಅಡುಗೆಮನೆಯಿಂದ ಮೂರು ಸಲ ಕೂಗಿದರೂ ಅವನಿಗೆ ಕೇಳಿಸದು.

ಅವನ ಮುಂದಿರುವುದು ‘ಮೋಟೊ ಎಕ್ಸ್3ಎಂ’ ಆಟದ ಚಳಿಗಾಲದ ಆವೃತ್ತಿ. ಗಣಕದ ಬ್ರೌಸರಿನಲ್ಲೇ ಆಡಬಹುದು. ನಾಲ್ಕೇ ಕೀಲಿಗಳು: ಒಂದು ವೇಗಕ್ಕೆ, ಒಂದು ಬ್ರೇಕಿಗೆ, ಉಳಿದೆರಡು ಸವಾರನನ್ನು ಹಿಂದಕ್ಕೆ ಮುಂದಕ್ಕೆ ಬಾಗಿಸಲು. ಬೇಗ ಗುರಿ ಮುಟ್ಟಿದವರಿಗೆ ಮೂರು ನಕ್ಷತ್ರ. ಹೊಸಬರು ಮಾಡುವ ತಪ್ಪು ಒಂದೇ, ವೇಗದ ಕೀಲಿಯನ್ನು ಒತ್ತಿದ ಬೆರಳು ಎತ್ತದಿರುವುದು. ಪಳಗಿದವರು ದಿಬ್ಬ ಏರುವ ಮೊದಲೇ ಅಳೆದು ವೇಗ ಕೊಡುತ್ತಾರೆ. ಎತ್ತರ ಸಾಲದಿದ್ದರೆ ಲಾಗದ ಆಸೆ ಬಿಡುತ್ತಾರೆ. ಇಳಿಯುವಾಗ ಎರಡೂ ಚಕ್ರಗಳು ಇಳಿಜಾರಿಗೆ ಸಮಾನಾಂತರವಾಗಿರುವಂತೆ ನೋಡಿಕೊಳ್ಳುತ್ತಾರೆ.

ಕೊನೆಯ ಮಾತಿನಲ್ಲಿ ಒಳ್ಳೆಯ ವಿಜ್ಞಾನವಿದೆ. ನೆಲಕ್ಕೆ ಬಡಿಯುವ ಪೆಟ್ಟು ಬಂಡಿಯ ಒಟ್ಟು ವೇಗದಿಂದ ಬರುವುದಲ್ಲ, ಆ ವೇಗದಲ್ಲಿ ನೆಲಕ್ಕೆ ಲಂಬವಾಗಿರುವ ಭಾಗದಿಂದ ಬರುತ್ತದೆ. ಬೀಳುವ ದಿಕ್ಕಿನಲ್ಲೇ ನೆಲವೂ ಇಳಿದಿದ್ದರೆ ಆ ಭಾಗ ಚಿಕ್ಕದಾಗುತ್ತದೆ. ಹಿಮದ ಮೇಲೆ ಹಾರುವ ಸ್ಕೀ ಪಟುಗಳು ಕಡಿದಾದ ಇಳಿಜಾರಿನಲ್ಲೇ ಇಳಿಯುವುದು ಇದಕ್ಕೇ. ಪಾಠಪುಸ್ತಕದಲ್ಲಿ ‘ಸದಿಶಗಳ ವಿಭಜನೆ’ ಎಂದರೆ ಆಕಳಿಸುವ ಹುಡುಗ ಇದನ್ನು ಬೆರಳ ತುದಿಯಲ್ಲಿ ಕಲಿತಿರುತ್ತಾನೆ! ಆಟ ಆಡಿದ್ದಕ್ಕೆ ಬೈಯುವ ಮೊದಲು ತಂದೆ ಒಮ್ಮೆ ಪಕ್ಕದಲ್ಲಿ ಕೂತು, “ಇಲ್ಲಿ ಯಾಕೆ ಬಿದ್ದೆ?” ಎಂದು ಕೇಳಿದರೆ ಉತ್ತರ ಚೆನ್ನಾಗಿಯೇ ಬಂದೀತು.

ಆದರೆ ಈ ಆಟ ಎರಡು ಸುಳ್ಳುಗಳನ್ನು ಹೇಳುತ್ತದೆ. ಮೊದಲನೆಯದು, ಗಾಳಿಯಲ್ಲಿ ತಿರುಗುವ ಸುಳ್ಳು. ಕೀಲಿ ಒತ್ತಿದೊಡನೆ ಬಂಡಿ ಬೇಕಾದಷ್ಟು ಸುತ್ತುತ್ತದೆ. ನಿಜವಾದ ಬಂಡಿಗೆ ಆಧಾರವಿಲ್ಲದೆ ಹಾಗೆ ತಿರುಗಲಾಗದು. ಬೀದರಿನ ವಾಯುನೆಲೆಯಲ್ಲಿ 1996ರಲ್ಲಿ ರೂಪುಗೊಂಡ ಸೂರ್ಯಕಿರಣ ತಂಡದ ವಿಮಾನಗಳು ಆಕಾಶದಲ್ಲಿ ಹೊರಳುತ್ತವಲ್ಲ ಎನ್ನಬಹುದು. ವಿಮಾನಕ್ಕೆ ರೆಕ್ಕೆಯಿದೆ, ಅದು ಗಾಳಿಯನ್ನೇ ತಳ್ಳಿ ಹೊರಳುತ್ತದೆ. ಬೈಕಿಗೆ ಇರುವುದು ತನ್ನ ಚಕ್ರ ಮಾತ್ರ. ಹಾರಿದಾಗ ಹಿಂಚಕ್ರವನ್ನು ಜೋರಾಗಿ ತಿರುಗಿಸಿದರೆ ಬಂಡಿಯ ಮೈ ವಿರುದ್ಧ ದಿಕ್ಕಿಗೆ ತಿರುಗಿ ಮೂತಿ ಮೇಲೇಳುತ್ತದೆ. ಬ್ರೇಕ್ ಹಾಕಿದರೆ ಮೂತಿ ಕೆಳಗಾಗುತ್ತದೆ. ಒಟ್ಟು ಕೋನೀಯ ಸಂವೇಗ ಬದಲಾಗದು. ಸರಾಗವಾಗಿ ತಿರುಗುವ ಕುರ್ಚಿಯಲ್ಲಿ ಕಾಲೆತ್ತಿ ಕೂತು, ಚಾಚಿದ ಎರಡೂ ಕೈಗಳನ್ನು ಥಟ್ಟನೆ ಬಲಕ್ಕೆ ಬೀಸಿ ನೋಡಿ. ಕುರ್ಚಿ ಎಡಕ್ಕೆ ಸರಿಯುತ್ತದೆ, ಕೈ ನಿಂತೊಡನೆ ತಾನೂ ನಿಲ್ಲುತ್ತದೆ.

ಪೂರ್ತಿ ಲಾಗಕ್ಕೆ ಬೇಕಾದ ತಿರುವನ್ನು ದಿಬ್ಬ ಬಿಡುವ ಮುನ್ನವೇ ಪಡೆದಿರಬೇಕು. ಅಮೆರಿಕದ ಟ್ರಾವಿಸ್ ಪಾಸ್ಟ್ರಾನಾ 2006ರ ಆಗಸ್ಟ್‌ನಲ್ಲಿ ಸ್ಪರ್ಧೆಯೊಂದರಲ್ಲಿ ಬೈಕಿನಲ್ಲಿ ಜೋಡಿ ಲಾಗ ಹಾಕಿದ. ಅದಕ್ಕೂ ಮೊದಲು ಸ್ಪಂಜಿನ ತುಂಡುಗಳು ತುಂಬಿದ ಗುಂಡಿಯೊಳಕ್ಕೆ ಬಿದ್ದು ಬಿದ್ದು ಅಭ್ಯಾಸ ಮಾಡಿದ್ದ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. ಅಂಥ ನುರಿತ ಸವಾರನೂ 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ್‍ಯಾಲಿಯಲ್ಲಿ ಬಿದ್ದು, ತಲೆಗೆ ತೀವ್ರ ಪೆಟ್ಟಾಗಿ ಆಸ್ಪತ್ರೆ ಸೇರಬೇಕಾಯಿತು.

ಎರಡನೆಯ ಸುಳ್ಳು ಇಲ್ಲೇ ಇದೆ. ಆಟದಲ್ಲಿ ಬಿದ್ದವನು ಮರುಕ್ಷಣ ಎದ್ದು ಹಿಂದಿನ ಗುರುತಿನಿಂದ ಹೊರಡುತ್ತಾನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಸುಮಾರು 14 ಮೀಟರ್, ಅಂದರೆ ನಾಲ್ಕು ಮಹಡಿಯಷ್ಟು ಎತ್ತರದಿಂದ ಬಿದ್ದಂತೆ. ಪರದೆಯ ಮೇಲೆ ಪಳಗಿದ ಬೆರಳಿಗೆ ಅಪ್ಪನ ಬೈಕಿನ ಕೀಲಿ ಸಿಕ್ಕಿದ ದಿನ ಮನೆಯವರು ಎಚ್ಚರವಾಗಿರಬೇಕು. ಮುಂಚಕ್ರ ಎತ್ತಿ ಓಡಿಸುವ ಹುಚ್ಚು ಬೆಂಗಳೂರಿನ ಹುಡುಗರಿಗಷ್ಟೇ ಅಂಟಿದ್ದಲ್ಲ. ಗೇರಿನ ಬೈಕಿಗೆ 18 ವರ್ಷ ತುಂಬಿರಬೇಕು. ಚಿಕ್ಕವರು ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಬಂಡಿಯ ಒಡೆಯರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಹೇಳುತ್ತದೆ. ಎಷ್ಟು ಅಪ್ಪಂದಿರಿಗೆ ಇದು ಗೊತ್ತಿದೆಯೋ!

ಇನ್ನು ಹಿಮದ ಮಾತು. ಹಿಮಗಡ್ಡೆಯ ಮೇಲೆ ನಿಜವಾಗಿಯೇ ಬೈಕ್ ಪಂದ್ಯಗಳು ನಡೆಯುತ್ತವೆ. ಅಲ್ಲಿನ ಟೈರುಗಳಿಗೆ ಸುಮಾರು ಒಂದು ಇಂಚು ಉದ್ದದ ಮೊಳೆಗಳಿರುತ್ತವೆ, ಬ್ರೇಕು ಇರುವುದೇ ಇಲ್ಲ. ಭಾಲ್ಕಿಯ ಹಿಮ ಬೇರೆ. ಚಳಿಗಾಲವೆಂದರೆ ಇಲ್ಲಿ ತೊಗರಿ ರಾಶಿಯ ಕಾಲ. ಡಾಂಬರು ರಸ್ತೆಯೇ ಕಣವಾಗಿ ಹೊಟ್ಟು ಹರಡಿರುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳಿಂದ ಜಲ್ಲೆ, ರವದಿ ಉದುರಿರುತ್ತವೆ. ಹೊಟ್ಟು ಹಿಮದಷ್ಟು ಜಾರದಿರಬಹುದು. ಆದರೆ ಟೈರು ಆಗ ಡಾಂಬರನ್ನು ಹಿಡಿಯುವುದಿಲ್ಲ, ಹೊಟ್ಟನ್ನು ಹಿಡಿದಿರುತ್ತದೆ, ಹೊಟ್ಟು ಯಾವುದನ್ನೂ ಹಿಡಿದಿರುವುದಿಲ್ಲ. ಅಲ್ಲಿ ಮುಂದಿನ ಬ್ರೇಕು ಒತ್ತಿದವನು ಜಾರುವುದು ಖಂಡಿತ ಎಂದೇ ತಿಳಿಯಬೇಕು.

ಲೆಕ್ಕ ಹಾಕಿ. ವೇಗ ಗಂಟೆಗೆ 40 ಕಿ.ಮೀ. ಇರಲಿ, ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಒಣ ಡಾಂಬರಿನ ಘರ್ಷಣಾ ಗುಣಾಂಕ 0.7 ಎಂದುಕೊಂಡರೆ ಬ್ರೇಕ್ ಹಿಡಿದ ಮೇಲೆ ಬಂಡಿ ನಿಲ್ಲಲು 9 ಮೀಟರ್ ಬೇಕು. ಹಿಮಗಡ್ಡೆಯ ಮೇಲೆ 0.1 ಎಂದುಕೊಂಡರೆ 63 ಮೀಟರ್. ಹೊಟ್ಟಿನ ರಸ್ತೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ತಡವಾದರೆ ಇನ್ನೂ 11 ಮೀಟರ್ ಸೇರಿಸಬೇಕು.

ಈ ಭಾನುವಾರ ಟೇಪು ಹಿಡಿದು ಶಾಲೆಯ ಮೈದಾನಕ್ಕೆ ಹೋಗಿ. ಗೆರೆಯೊಂದನ್ನು ಎಳೆದು, ಅಲ್ಲಿಂದ 20 ಮೀಟರಿಗೆ ಒಂದು ಕಲ್ಲು, 74 ಮೀಟರಿಗೆ ಇನ್ನೊಂದು ಕಲ್ಲು ಇಡಿ. ಗೆರೆಯ ಮೇಲೆ ಮಗನನ್ನು ನಿಲ್ಲಿಸಿ, ದೂರದ ಕಲ್ಲಿನ ಬಳಿ ಅವನ ತಂಗಿಯನ್ನು ನಿಲ್ಲಿಸಿ. ಎರಡು ಕಲ್ಲುಗಳ ನಡುವೆ ಎಷ್ಟು ಹೆಜ್ಜೆ ಎಂದು ಅವನೇ ನಡೆದು ಎಣಿಸಲಿ.